ಪಾಂಡೇಸರಾದಲ್ಲಿ ನಿಂತ ಚುಕ್ಕೆ

ಮಗಳು ಆರನೇ ತರಗತಿಗೆ ಹೋದ ವರ್ಷ ಅವಳ ಶಾಲೆಯಲ್ಲಿ ಪ್ರತಿ ಮಗುವಿಗೂ ಒಂದೊಂದು ಟ್ಯಾಬ್ ಕೊಟ್ಟರು. ಪಾಠ ಅದರಲ್ಲೇ, ಲೆಕ್ಕ ಅದರಲ್ಲೇ, ಪೀರಿಯಡ್ ಮುಗಿಯುವ ಹೊತ್ತಿಗೆ ಕೊಡುವ ಚಿಕ್ಕ ಪರೀಕ್ಷೆಯೂ ಅದರಲ್ಲೇ. ಜೂನ್ ತಿಂಗಳ ಒಂದು ಶನಿವಾರ ತಂದೆತಾಯಿಗಳನ್ನೆಲ್ಲ ಕರೆಸಿ ಶಾಲೆಯ ಹಾಲಿನಲ್ಲಿ ಕೂರಿಸಿದರು. ಪ್ರಿನ್ಸಿಪಾಲರು ಕಪ್ಪು ಕವರಿನ ಟ್ಯಾಬೊಂದನ್ನು ಎತ್ತಿ ಹಿಡಿದು, ಇನ್ನು ಮೇಲೆ ನೀವು ಮನೆಯಲ್ಲಿ ಕುಳಿತೇ ಮಗು ಏನು ಕಲಿಯುತ್ತಿದೆ, ಎಲ್ಲಿದೆ ಎಂದು ನೋಡಬಹುದು ಅಂದರು. ಕೊನೆಯಲ್ಲಿ ಇನ್ನೊಂದು ಮಾತು ಸೇರಿಸಿದರು: ಟ್ಯಾಬಿನಲ್ಲಿ ಗುರುತಿಲ್ಲದವರು ಮಾತಿಗೆ ಬಂದರೆ ಮಕ್ಕಳು ಉತ್ತರ ಕೊಡಬಾರದು, ನೀವು ಎಚ್ಚರದಿಂದಿರಬೇಕು.

ಹಾಲಿನಲ್ಲಿದ್ದವರಿಗೆ ಮೊದಲನೆಯ ಮಾತು ಇಷ್ಟವಾಯಿತು, ಚಪ್ಪಾಳೆ ತಟ್ಟಿದರು. ನನ್ನ ತಲೆಯಲ್ಲಿ ಉಳಿದದ್ದು ಎರಡನೆಯದು.

ನಾವು ಉಡುಪಿ ಕಡೆಯವರು. ಸೂರತ್ತಿನ ರಿಂಗ್ ರೋಡಿನ ಬಟ್ಟೆ ಮಾರುಕಟ್ಟೆಯ ಬೆನ್ನಿಗೆ ನಮ್ಮದೊಂದು ಸಣ್ಣ ಹೋಟೆಲು. ಅದರ ಮೇಲಿನ ಮಾಳಿಗೆಯಲ್ಲೇ ನಮ್ಮ ಮನೆ. ಗಂಡ ಅಡುಗೆಮನೆ, ಸಾಮಾನು ನೋಡಿಕೊಂಡರೆ ನಾನು ಕ್ಯಾಶಿನಲ್ಲಿ ಕೂರುತ್ತೇನೆ. ನನ್ನ ಓದು ಕನ್ನಡ ಶಾಲೆಯಲ್ಲಿ ಪಿಯುಸಿಯವರೆಗೆ. ಮಗಳ ಇಂಗ್ಲಿಷ್ ಪಾಠಗಳನ್ನು ತೆರೆದು ಹೇಳಿಕೊಡುವಷ್ಟು ಧೈರ್ಯ ನನಗಿರಲಿಲ್ಲ. ಅವಳೋ ಇಲ್ಲೇ ಹುಟ್ಟಿದವಳು. ಹಿಂದಿ, ಗುಜರಾತಿ, ಇಂಗ್ಲಿಷ್ ಅರಳು ಹುರಿದ ಹಾಗೆ ಆಡುತ್ತಾಳೆ, ಕನ್ನಡಕ್ಕೆ ಬಂದರೆ ಮಾತ್ರ ನಿಂತು ನಿಂತು ಹುಡುಕುತ್ತಾಳೆ. ಹಾಗಾಗಿ ಶಾಲೆಯವರು ನನ್ನ ಫೋನಿಗೆ ಹಾಕಿಕೊಟ್ಟ ಆ್ಯಪ್ ನನಗೆ ದೊಡ್ಡ ಆಸರೆಯಾಗಿ ಕಂಡಿತು. ಅದನ್ನು ಓದಲು ಭಾಷೆ ಬೇಡ. ಒಂದೊಂದು ಪೀರಿಯಡ್ಡಿಗೆ ಒಂದೊಂದು ಚೌಕ. ಚೌಕ ಹಸಿರಾದರೆ ಮಗು ಚೆನ್ನಾಗಿ ಮಾಡಿದೆ, ಹಳದಿಯಾದರೆ ಪರವಾಗಿಲ್ಲ, ಕೆಂಪಾದರೆ ಹಿಂದೆ ಬಿದ್ದಿದೆ. ಕೆಳಗೊಂದು ನಕ್ಷೆ, ಅದರಲ್ಲಿ ಒಂದು ನೀಲಿ ಚುಕ್ಕೆ. ಟ್ಯಾಬ್ ಇರುವಲ್ಲಿ ಚುಕ್ಕೆ.

ಮೊದಲ ತಿಂಗಳು ಗಣಿತದ ಚೌಕ ದಿನಾ ಕೆಂಪು. ಬಿಲ್ಲು ಕೊಡುವಾಗ, ಚಿಲ್ಲರೆ ಎಣಿಸುವಾಗ ಫೋನು ಗುಂಯ್ ಅಂದರೆ ಕೈಯ ಕೆಲಸ ಬಿಟ್ಟು ಅದನ್ನೇ ತೆರೆಯುತ್ತಿದ್ದೆ. ಅವಳು ಮನೆಗೆ ಬಂದು ಚೀಲ ಇಳಿಸುವ ಮೊದಲೇ, "ಇವತ್ತೂ ಕೆಂಪು ಬಂದದ್ದು ಯಾಕೆ?" ಎಂದು ಕೇಳುತ್ತಿದ್ದೆ. ಅವಳು, "ಗೊತ್ತಿಲ್ಲ ಅಮ್ಮ" ಎಂದು ಮೇಲೆ ಹೋಗುತ್ತಿದ್ದಳು. ಆಮೇಲೆ ಜುಲೈಯಲ್ಲಿ ಚೌಕ ಹಳದಿಯಾಯಿತು. ಸ್ವಲ್ಪ ದಿನಕ್ಕೆ ಹಸಿರೂ ಆಯಿತು. ನನಗೆ ಹಾಲು ಕುಡಿದಷ್ಟು ಸಂತೋಷ. ಗಂಡ ಮಾತ್ರ, "ಅದನ್ನು ಅಷ್ಟು ನೋಡ್ಬೇಡ ಮಾರಾಯ್ತಿ. ಮಕ್ಕಳು ಕಲೀತಾರೆ, ಬಿಡು" ಎನ್ನುತ್ತಿದ್ದರು. ನಾನು ಬಿಡಲಿಲ್ಲ. ಅವಳ ವ್ಯಾನು ಶಾಲೆಯಿಂದ ಹೊರಟು, ಉಧನಾ ರಸ್ತೆ ಹಿಡಿದು, ರೈಲ್ವೆ ಹಳಿಯ ಕೆಳಗಿನ ಗರನಾಳದಲ್ಲಿ ತೂರಿ, ನಮ್ಮ ಬೀದಿಯ ಮೂಲೆಗೆ ಬರುವವರೆಗೂ ಆ ಚುಕ್ಕೆಯ ಹಿಂದೆ ನನ್ನ ಕಣ್ಣು.

ಆ ದಿನ ಬೆಳಗಿನಿಂದ ಮಳೆ. ಗಂಡ ಊರಲ್ಲಿರಲಿಲ್ಲ. ವಡೋದರಾದ ಹತ್ತಿರ, ಕೊಯಾಲಿಗೆ ಹೋಗುವ ದಾರಿಯಲ್ಲಿ ಅವರ ತಮ್ಮ ಒಂದು ಕ್ಯಾಂಟೀನು ನಡೆಸುತ್ತಾರೆ. ತಮ್ಮನಿಗೆ ಜ್ವರವೆಂದು ಇವರು ಹಿಂದಿನ ದಿನವೇ ಅಲ್ಲಿಗೆ ಹೋಗಿದ್ದರು. ಮಧ್ಯಾಹ್ನದ ಊಟದ ಗದ್ದಲ ಏರುವ ಹೊತ್ತಿಗೆ ಶಾಲೆಯಿಂದ ಮೆಸೇಜು ಬಂತು: ಮಳೆ ಜೋರಾಗಿದೆ, ಮಕ್ಕಳನ್ನು ಬೇಗ ಮನೆಗೆ ಕಳಿಸುತ್ತಿದ್ದೇವೆ.

ಕೂಡಲೇ ನಕ್ಷೆ ತೆರೆದೆ. ಚುಕ್ಕೆ ಶಾಲೆಯ ಗೇಟು ದಾಟಿತ್ತು. ಸರಿ ಎಂದುಕೊಂಡು ಇಬ್ಬರು ಗಿರಾಕಿಗಳಿಗೆ ಚಿಲ್ಲರೆ ಕೊಟ್ಟು ಮತ್ತೆ ನೋಡಿದೆ. ಚುಕ್ಕೆ ತಪ್ಪು ದಿಕ್ಕಿಗೆ ಹೋಗುತ್ತಿತ್ತು. ನಮ್ಮ ಮನೆ ಶಾಲೆಯ ಉತ್ತರಕ್ಕೆ. ಅದು ದಕ್ಷಿಣಕ್ಕೆ ಇಳಿಯುತ್ತಿತ್ತು.

ನೀರು ನಿಂತಿರಬೇಕು, ವ್ಯಾನಿನವರು ಸುತ್ತಿ ಬರುತ್ತಿರಬೇಕು ಎಂದುಕೊಂಡೆ. ಆದರೆ ಅದು ಎಲ್ಲೂ ತಿರುಗಲಿಲ್ಲ. ಸೀದಾ ಪಾಂಡೇಸರಾಕ್ಕೆ ಹೋಯಿತು. ಬಟ್ಟೆಗೆ ಬಣ್ಣ ಹಾಕುವ, ಅಚ್ಚು ಹಾಕುವ ಮಿಲ್ಲುಗಳಿರುವ ಜಾಗ ಅದು. ಅಲ್ಲಿ ನಮಗೆ ಗುರುತಿನವರು ಒಬ್ಬರೂ ಇಲ್ಲ. ಮಿಲ್ಲುಗಳನ್ನು ದಾಟಿ ಚುಕ್ಕೆ ಒಂದು ಕಡೆ ನಿಂತುಬಿಟ್ಟಿತು. ಪಕ್ಕದಲ್ಲಿ ನೀಲಿ ಗೆರೆಯೊಂದಿತ್ತು. ಬೆರಳಿನಿಂದ ಹಿಗ್ಗಿಸಿ ನೋಡಿದೆ. ಅದು ಖಾಡಿ, ಮಳೆಗಾಲದಲ್ಲಿ ತುಂಬಿ ಓಣಿಗಳಿಗೆ ನುಗ್ಗುವ ಹಳ್ಳ.

ವ್ಯಾನು ಓಡಿಸುವ ಕಾಕಾನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಶಾಲೆಗೆ ಮಾಡಿದರೆ ಲೈನು ಸಿಗಲಿಲ್ಲ. ಗಂಡನ ನಂಬರು ಒತ್ತಲು ಹೋಗಿ ಹಾಲಿನವನಿಗೆ ಒತ್ತಿದೆ. ಕೊನೆಗೆ ಅವರು ಸಿಕ್ಕಿದರು.

"ಮಗು ಪಾಂಡೇಸರಾದಲ್ಲಿ ಉಂಟು" ಅಂದೆ.

"ಪಾಂಡೇಸರಾದಲ್ಲಿ? ಎಂತಕ್ಕೆ?"

"ಎಂತಕ್ಕೆ ಅಂತ ನಂಗೆ ಗೊತ್ತಾದ್ರೆ ನಿಮಗ್ಯಾಕೆ ಫೋನ್ ಮಾಡ್ತಿದ್ದೆ! ಖಾಡಿ ಹತ್ರ ನಿಂತಿದೆ. ವ್ಯಾನಿನವ ಫೋನ್ ತೆಗೀತಿಲ್ಲ."

ಆ ಕಡೆಯಿಂದ ಪಾತ್ರೆಗಳ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ, "ನೀನು ಹೊರಡು. ರಿಕ್ಷಾ ಮಾಡ್ಕೊಂಡು ಹೋಗು. ನಾನು ಈಗ್ಲೇ ಬಸ್ಸು ಹಿಡೀತೇನೆ" ಅಂದರು. ಹೆದರಬೇಡ ಎಂದು ಅವರು ಹೇಳಲಿಲ್ಲ. ಯಾವಾಗಲೂ ಹೇಳುವ ಮಾತದು. ಅದನ್ನು ಹೇಳದ್ದರಿಂದ ನನ್ನ ಹೆದರಿಕೆ ಇಮ್ಮಡಿಯಾಯಿತು.

ನಮ್ಮ ಹಳೆಯ ಸಪ್ಲಾಯರ್ ಒಬ್ಬರು ಊರಿನಿಂದ ನಮ್ಮ ಜೊತೆಗೇ ಬಂದವರು. ಕ್ಯಾಶಿನ ಬೀಗದಕೈ ಅವರ ಕೈಗೆ ಹಾಕಿ, ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ರಸ್ತೆಗಿಳಿದೆ.

ರಿಕ್ಷಾದವರು ಯಾರೂ ಒಪ್ಪಲಿಲ್ಲ. "ಬೆಹನ್, ಆ ಕಡೆ ನೀರು" ಎಂದು ತಲೆಯಾಡಿಸಿ ಹೋದರು. ಕೊನೆಗೆ ಬಿಳಿ ಗಡ್ಡದ ಒಬ್ಬರು ನಿಲ್ಲಿಸಿದರು. ನನ್ನ ಮಗು ಅಲ್ಲಿದೆ ಎಂದು ಹಿಂದಿಯಲ್ಲಿ ಹೇಳಿ ಫೋನಿನ ನಕ್ಷೆ ತೋರಿಸಿದೆ. ಅವರು ಇನ್ನೇನೂ ಕೇಳಲಿಲ್ಲ, "ಕೂರಿ" ಅಂದರು.

ರಿಕ್ಷಾದ ಎರಡೂ ಬದಿಗೆ ಪ್ಲಾಸ್ಟಿಕ್ ಪರದೆ ಇಳಿಬಿಟ್ಟಿದ್ದರು. ಹೊರಗೆ ಏನೂ ಕಾಣುತ್ತಿರಲಿಲ್ಲ, ಕಾಣುತ್ತಿದ್ದದ್ದು ಮಡಿಲಿನ ಫೋನು ಒಂದೇ. ಶಾಲೆಯ ಸಭೆಯಲ್ಲಿ ಕೇಳಿದ ಮಾತು ತಲೆಯೊಳಗೆ ಸುತ್ತತೊಡಗಿತು. ಗುರುತಿಲ್ಲದವರು ಮಾತಿಗೆ ಬಂದರೆ. ಯಾರೋ ಬಂದಿರಬೇಕು. ತಿಂಗಳುಗಟ್ಟಲೆ ಆ ಟ್ಯಾಬಿನೊಳಗೆ ಕುಳಿತು ನನ್ನ ಮಗುವಿನ ಜೊತೆ ಮಾತಾಡಿರಬೇಕು, ಮಳೆಯ ದಿನ ನೋಡಿ ಕರೆದಿರಬೇಕು. ಈಚೆಗೆ ಅವಳು ಯಾಕೆ ಅಷ್ಟು ಸುಮ್ಮನಿರುತ್ತಿದ್ದಳು? ಟ್ಯಾಬನ್ನು ಯಾಕೆ ನನ್ನ ಮುಂದೆ ತೆರೆಯುತ್ತಿರಲಿಲ್ಲ? ನಾನು ಚೌಕದ ಬಣ್ಣ ನೋಡುತ್ತ ಕುಳಿತೆ. ಟ್ಯಾಬಿನೊಳಗೆ ಏನಿದೆ ಎಂದು ಒಮ್ಮೆಯಾದರೂ ನೋಡಿದ್ದೆನೇ?

ಪಾಂಡೇಸರಾ ಬಂದದ್ದು ಮೂಗಿಗೆ ಗೊತ್ತಾಯಿತು. ಬಿಸಿ ಹಬೆ, ಒದ್ದೆ ಬಟ್ಟೆ, ಬಣ್ಣದ ರಾಸಾಯನಿಕ ಸೇರಿದ ವಾಸನೆ. ಪರದೆ ಸರಿಸಿ ನೋಡಿದೆ. ರಸ್ತೆಯ ಮೇಲೆ ಮೊಣಕಾಲಿನ ಕೆಳಗಿನವರೆಗೆ ನೀರು, ಆ ನೀರು ಒಂದು ಕಡೆ ಗುಲಾಬಿ, ಇನ್ನೊಂದು ಕಡೆ ನೇರಳೆ. ಅಷ್ಟರಲ್ಲಿ ಫೋನಿನ ಚುಕ್ಕೆ ನೀಲಿಯಿಂದ ಬೂದಿ ಬಣ್ಣಕ್ಕೆ ತಿರುಗಿತು. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಸಣ್ಣ ಸಾಲು: ಟ್ಯಾಬ್ ಆರಿಹೋಗಿದೆ.

ನಾನು ಕಿರುಚಿರಬೇಕು. ರಿಕ್ಷಾದವರು ಗಕ್ಕನೆ ನಿಲ್ಲಿಸಿ ಹಿಂದಿರುಗಿ ನೋಡಿದರು. "ಬೇಟಿ, ಚಾರ್ಜು ಮುಗಿದಿರಬಹುದು" ಎಂದು ಮೆಲ್ಲಗೆ ಹೇಳಿದರು. ಅದು ನನ್ನ ಬುದ್ಧಿಗೂ ಹೊಳೆಯುವ ಮಾತೇ. ಆದರೆ ಆಗ ನನಗೆ ಕಂಡದ್ದು ನೀರಿಗೆ ಬಿದ್ದ ಟ್ಯಾಬು, ಅದರ ಹಿಂದೆಯೇ ಬಿದ್ದ ಮಗು.

ಮುಂದೆ ರಿಕ್ಷಾ ಹೋಗುತ್ತಿರಲಿಲ್ಲ. ನಾನು ಇಳಿದೆ. ನಾಲ್ಕಾಳು ಅಗಲದ ಓಣಿ, ಎರಡೂ ಕಡೆ ಒಂದೊಂದೇ ಕೋಣೆಯ ಮನೆಗಳು, ಹೊಸ್ತಿಲಿಗೆ ನೀರು ಬರದ ಹಾಗೆ ಇಟ್ಟ ಮರಳಿನ ಚೀಲಗಳು. ಎದುರಾದ ಹೆಂಗಸಿಗೆ ಫೋನಿನಲ್ಲಿದ್ದ ಮಗಳ ಫೋಟೋ ತೋರಿಸಿದೆ. ಅವಳು ಮುಖಕ್ಕಿಂತ ಸಮವಸ್ತ್ರವನ್ನೇ ನೋಡಿದಳೆಂದು ತೋರುತ್ತದೆ. "ಈ ಡ್ರೆಸ್ಸಿನ ಹುಡುಗಿಯಾ? ಆಗಲೇ ಬಂದಳು. ಆ ಹಸಿರು ಬಾಗಿಲು" ಎಂದು ಕೈ ತೋರಿಸಿದಳು.

ಬಾಗಿಲು ಅರ್ಧ ತೆರೆದಿತ್ತು. ಒಳಗೆ ನೆಲದ ತುಂಬ ಹರಡಿದ ಸೀರೆ. ಅದರ ಮೇಲೆ ಹೊಳೆಯುವ ಕಲ್ಲು ಅಂಟಿಸುತ್ತ ಒಬ್ಬಳು ಹೆಂಗಸು ಕೂತಿದ್ದಳು. ಕೋಣೆಯೆಲ್ಲ ಅಂಟಿನ ವಾಸನೆ. ಗೋಡೆಯ ಕಡೆ ಮುಖ ಮಾಡಿ, ನನಗೆ ಬೆನ್ನು ಹಾಕಿ, ಅದೇ ಸಮವಸ್ತ್ರದ ಹುಡುಗಿ. ಎರಡು ಜಡೆ, ನೀಲಿ ರಿಬ್ಬನ್ನು. ಹೆಂಗಸನ್ನು ದಾಟಿಕೊಂಡು ಹೋಗಿ ಆ ಹುಡುಗಿಯ ಭುಜ ಹಿಡಿದು ತಿರುಗಿಸಿದೆ.

ನನ್ನ ಮಗಳಲ್ಲ.

ಅವಳ ಕೈಯಲ್ಲಿ ನನ್ನ ಮಗಳ ಟ್ಯಾಬು. ತೆರೆದ ಕವರಿನ ಒಳಬದಿಗೆ ನಾನೇ ಅಂಟಿಸಿದ್ದ, ಅವಳ ಹೆಸರಿನ ಹಳದಿ ಚೀಟಿ.

"ಎಲ್ಲಿ ಅವಳು?" ಕನ್ನಡದಲ್ಲಿ ಕೂಗಿದೆ. ಆಮೇಲೆ ಹಿಂದಿ ನೆನಪಾಗಿ ಮತ್ತೆ ಕೂಗಿದೆ. "ಇದು ನಿನ್ನ ಹತ್ತಿರ ಹೇಗೆ ಬಂತು? ನನ್ನ ಮಗಳು ಎಲ್ಲಿ?"

ಹುಡುಗಿಯ ತಾಯಿ ಎದ್ದು ಓಡಿಬಂದು ನನ್ನ ಕೈ ಬಿಡಿಸಿ ಮಗಳನ್ನು ಬೆನ್ನ ಹಿಂದೆ ಎಳೆದುಕೊಂಡಳು. ಖಾನದೇಶದ ಕಡೆಯ ಮರಾಠಿ ಹೆಂಗಸು. ಹಿಂದಿ ಅವಳಿಗೂ ನನ್ನಷ್ಟೇ ಕಷ್ಟ. ಬಾಗಿಲಲ್ಲಿ ಆಗಲೇ ನೆರೆಹೊರೆಯವರು ತುಂಬಿದ್ದರು. ಯಾರೋ, "ಕದ್ದು ತಂದಿದ್ದಾಳಂತೆ" ಅಂದದ್ದು ಕೇಳಿತು. ನಾನು ಹಾಗೆ ಹೇಳಿರಲಿಲ್ಲ. ಆದರೆ ಆ ಮಾತು ಬಿದ್ದ ಕೂಡಲೇ ತಾಯಿಯ ಮುಖ ಬೂದಿಯಾಯಿತು.

"ಕಳ್ಳತನ ಅಲ್ಲ ತಾಯಿ. ನಾವು ಅಂಥವರಲ್ಲ. ನೋಡಿ, ತಗೊಳ್ಳಿ, ತಗೊಳ್ಳಿ" ಎಂದು ಟ್ಯಾಬನ್ನು ಮಗಳ ಕೈಯಿಂದ ಕಿತ್ತು ನನ್ನೆಡೆಗೆ ನೂಕಿದಳು.

ನನಗೆ ಟ್ಯಾಬು ಬೇಕಾಗಿರಲಿಲ್ಲ. "ಮಗು! ನನ್ನ ಮಗು ಎಲ್ಲಿ?"

ಆಗ ಹುಡುಗಿ ತಾಯಿಯ ಸೀರೆಯ ಹಿಂದಿನಿಂದಲೇ, "ಆಂಟಿ, ಅವಳು ವ್ಯಾನಿನಲ್ಲಿ ಹೋದಳು. ನಾನೇ ನೋಡಿದೆ" ಅಂದಳು.

ಇದನ್ನು ನಂಬಲೋ ಬೇಡವೋ ಎಂದು ತಿಳಿಯದೆ ನಿಂತಿರುವಾಗ ನನಗೆ ಫೋನು ಬಂತು. ಹೋಟೆಲಿನಿಂದ, ನಮ್ಮ ಸಪ್ಲಾಯರ್. "ಅಕ್ಕ, ಮಗು ಬಂತು. ಇಲ್ಲೇ ಉಂಟು. ಗರನಾಳದಲ್ಲಿ ನೀರು ತುಂಬಿ ವ್ಯಾನ್ ನಿಂತಿತ್ತಂತೆ. ಆ ಕಾಕಾನ ಫೋನು ನೀರಿಗೆ ಬಿತ್ತಂತೆ. ಮಕ್ಕಳನ್ನ ಒಬ್ಬೊಬ್ಬರನ್ನೇ ಎತ್ಕೊಂಡು ದಾಟಿಸಿದ, ಪಾಪ. ಒದ್ದೆಯಾಗಿದೆ ಅಷ್ಟೇ. ಬಿಸಿ ಹಾಲು ಕೊಟ್ಟಿದ್ದೇನೆ."

"ಅವಳ ಕೈಲಿ ಫೋನ್ ಕೊಡಿ" ಅಂದೆ. ಆಮೇಲೆ "ಅಮ್ಮಾ" ಎಂಬ ಸಣ್ಣ ಸ್ವರ ಕೇಳಿತು. ನಾನು ಆ ಸೀರೆಯ ಮೇಲೆಯೇ ಕುಸಿದೆ. ಹಸಿ ಅಂಟು ನನ್ನ ಸೀರೆಗೆ ಹತ್ತಿತು. ಆಕೆಯ ಕೆಲಸ ಹಾಳಾಯಿತೆಂಬುದು ನನಗೆ ಹೊಳೆದದ್ದು ಮರುದಿನ.

ಅಳು ನಿಂತ ಮೇಲೆ ನೋಡಿದರೆ ನೆರೆಯವರು ಚದುರಿದ್ದರು, ರಿಕ್ಷಾದವರು ಬಾಗಿಲಲ್ಲಿ ಕಾಯುತ್ತಿದ್ದರು. ಹುಡುಗಿಯ ತಾಯಿ ನನಗೆ ನೀರು ಕೊಟ್ಟಳು. ಟ್ಯಾಬನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನನ್ನ ಮಡಿಲಿಗಿಟ್ಟು ಒಂದೇ ಮಾತು ಹೇಳಿದಳು: "ಶಾಲೆಗೆ ಹೇಳಬೇಡಿ. ಅವಳದ್ದು ಸರ್ಕಾರದ ಉಚಿತ ಸೀಟು. ಹೋದರೆ ಮತ್ತೆ ಸಿಗುವುದಿಲ್ಲ."

ಮನೆಗೆ ಬಂದಾಗ ಮಗಳು ಮಾಳಿಗೆಯ ಒಳಕೋಣೆಯಲ್ಲಿ, ಒದ್ದೆ ಸಮವಸ್ತ್ರವನ್ನೂ ಬದಲಿಸದೆ, ಚೀಲ ಅಪ್ಪಿಕೊಂಡು ಕೂತಿದ್ದಳು. ಅವಳನ್ನು ತಬ್ಬಿಕೊಂಡೆ. ಅವಳು ಕಟ್ಟಿಗೆಯ ಹಾಗೆ ಬಿಗಿಯಾಗಿಯೇ ಇದ್ದಳು. ಚೀಲದಲ್ಲಿದ್ದದ್ದು ಆ ಹುಡುಗಿಯ ಟ್ಯಾಬು. ಬಟ್ಟೆ ಬದಲಿಸಿ, ತಲೆ ಒರೆಸಿ, ಗಂಜಿ ತಿನ್ನಿಸಿದ ಮೇಲೆ ಕೇಳಿದೆ. ಬೈಯಲಿಲ್ಲ, ಬೈಯುವ ತ್ರಾಣವೂ ಇರಲಿಲ್ಲ.

"ಅದಲು ಬದಲು ಹೇಗಾಯ್ತು ಮಗಾ?"

ಅವಳು ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಬಿಡಿಸಿ ಹೇಳಿದಳು. ಆ ಹುಡುಗಿ ಅವಳ ಬೆಂಚಿನಲ್ಲೇ ಕೂರುತ್ತಾಳೆ. ಗಣಿತದಲ್ಲಿ ಬಲು ಚುರುಕು, ಇಂಗ್ಲಿಷೆಂದರೆ ಅವಳಿಗೆ ಬಾಯಿ ಕಟ್ಟುತ್ತದೆ. ಇವಳದ್ದು ಅದಕ್ಕೆ ತಿರುಗುಮುರುಗು. ಗಣಿತದ ಪರೀಕ್ಷೆ ಬಂದಾಗ ಅವಳು ತನ್ನದನ್ನು ಬೇಗ ಮುಗಿಸಿ ಡೆಸ್ಕಿನ ಕೆಳಗಿಂದ ಜಾರಿಸುತ್ತಾಳೆ. ಇವಳು ತನ್ನದನ್ನು ಅತ್ತ ಜಾರಿಸುತ್ತಾಳೆ. ಇವಳದ್ದನ್ನೂ ಅವಳೇ ಮಾಡುತ್ತಾಳೆ. ಇಂಗ್ಲಿಷಿನಲ್ಲಿ ಇವಳು ಅವಳದ್ದನ್ನು ಮಾಡಿಕೊಡುತ್ತಾಳೆ. ಕವರೆಲ್ಲ ಒಂದೇ ಬಗೆ, ಯಾರಿಗೂ ಗೊತ್ತಾಗುವುದಿಲ್ಲ. ಆ ದಿನ ಗಣಿತದ ಪರೀಕ್ಷೆಯ ನಡುವೆಯೇ ಮಳೆಯ ರಜೆ ಎಂದು ಕೂಗಿದರು. ಟೀಚರು ಬೆಂಚಿನ ಪಕ್ಕದಲ್ಲೇ ಬಂದು ನಿಂತರು. ಮರಳಿ ಬದಲಿಸಲು ಆಗಲಿಲ್ಲ. ಕೈಗೆ ಬಂದದ್ದನ್ನು ಚೀಲಕ್ಕೆ ತುರುಕಿ ಇಬ್ಬರೂ ಓಡಿದರು.

"ಯಾಕೆ ಹಾಗೆ ಮಾಡಿದ್ದು?"

"ಡರ್ ಲಗ್ತಾ ಥಾ" ಅಂದಳು.

ಹೆದರಿಕೆ ಎಂಬ ಮಾತು ಅವಳಿಗೆ ಕನ್ನಡದಲ್ಲಿ ಗೊತ್ತಿತ್ತೋ ಇಲ್ಲವೋ. "ಯಾವುದರ ಡರ್?" ಎಂದು ಕೇಳಿದೆ.

"ಬೋರ್ಡಿನದು. ಪರೀಕ್ಷೆ ಆದ ಕೂಡ್ಲೇ ಎಲ್ಲರ ಹೆಸ್ರು ದೊಡ್ಡ ಬೋರ್ಡಲ್ಲಿ ಬರ್ತದೆ. ರೆಡ್ ಇದ್ರೆ ಹೆಸ್ರು ಮೇಲೆ ಹೋಗ್ತದೆ, ಹಾಗೇ ನಿಲ್ತದೆ, ನೆಕ್ಸ್ಟ್ ಪೀರಿಯಡ್ ತನಕ. ಎಲ್ಲರೂ ನೋಡ್ತಾರೆ." ನೆಲ ನೋಡುತ್ತ, "ಮತ್ತೆ ನಿನ್ನ ಫೋನಿಗೂ ಬರ್ತದಲ್ಲ" ಅಂದಳು.

ಅವಳ ಕೂದಲು ಇನ್ನೂ ಒದ್ದೆಯಿತ್ತು. ನಾನು ಟವೆಲು ಹಿಡಿದು ಒರೆಸುತ್ತಲೇ ಇದ್ದೆ. ಸಂಜೆ ವಡೋದರಾದಿಂದ ಬಂದ ಅವಳ ಅಪ್ಪ ಕೊಡೆಯನ್ನೂ ಮಡಚದೆ ಅವಳನ್ನು ಎತ್ತಿಕೊಂಡು ಅತ್ತುಬಿಟ್ಟರು. ಹನ್ನೊಂದು ವರ್ಷದ ಹುಡುಗಿ ಅಪ್ಪನ ಹೆಗಲ ಮೇಲೆ ಕೈಗೂಸಿನ ಹಾಗೆ ಮಲಗಿದಳು. ನನ್ನ ತೋಳಿನಲ್ಲಿ ಮಾತ್ರ ಅವಳ ಮೈ ಸಡಿಲವಾಗಿರಲಿಲ್ಲ.

ಎರಡು ದಿನ ಕಳೆದು ನೀರಿಳಿದ ಮೇಲೆ ಶಾಲೆಯಿಂದ ಕರೆ ಬಂತು. ಪ್ರಿನ್ಸಿಪಾಲರು ಕರೆದಿದ್ದಾರೆ, ಟ್ಯಾಬಿನ ವಿಷಯ. ನಾವು ಯಾರಿಗೂ ಹೇಳಿರಲಿಲ್ಲ. ಹಾಗಾದರೆ ಹೇಳಿದ್ದು ಟ್ಯಾಬೇ.

ಕಾರಿಡಾರಿನ ಬೆಂಚಿನ ತುದಿಯಲ್ಲಿ ಆ ತಾಯಿ ಆಗಲೇ ಬಂದು ಕೂತಿದ್ದಳು. ಒಳ್ಳೆಯ ಸೀರೆ ಉಟ್ಟು, ಎಣ್ಣೆ ಹಚ್ಚಿ ತಲೆ ಬಾಚಿದ್ದಳು. ಉಗುರಿನ ಸುತ್ತ ಅಂಟು ಒಣಗಿ ಬಿಳಿಯಾಗಿತ್ತು. ನನ್ನನ್ನು ಕಂಡ ಕೂಡಲೇ ಎದ್ದು ನಿಂತಳು, "ನೀವು ಹೇಳಿದಿರಾ?" ಎಂದು ಕೇಳಿದಳು. "ಇಲ್ಲ, ದೇವರಾಣೆ" ಅಂದೆ. ನಂಬಿದಳೋ ಇಲ್ಲವೋ, ಬೆಂಚಿನಲ್ಲಿ ನನ್ನಿಂದ ದೂರವೇ ಕೂತಳು. ಆಕೆಯ ಗಂಡನಿಗೆ ಮಿಲ್ಲಿನಲ್ಲಿ ರಜೆ ಸಿಕ್ಕಿರಲಿಲ್ಲ. ನನ್ನ ಗಂಡ ಬರುತ್ತೇನೆಂದರೂ ನಾನೇ ಬೇಡವೆಂದಿದ್ದೆ; ಅವರಿಗೆ ಸಿಟ್ಟು ಬಂದರೆ ಮಾತು ಹೆಚ್ಚು.

ಇಬ್ಬರನ್ನೂ ಒಟ್ಟಿಗೆ ಕರೆದರು. ಒಳಗೆ ಪ್ರಿನ್ಸಿಪಾಲರ ಜೊತೆ ಟ್ಯಾಬ್ ನೋಡಿಕೊಳ್ಳುವ ಮೇಷ್ಟ್ರೊಬ್ಬರು ಕೂತಿದ್ದರು. ಮಳೆಯಲ್ಲಿ ಗಡಿಬಿಡಿಯಾಯಿತು, ಕವರೆಲ್ಲ ಒಂದೇ ಥರ, ಹಾಗಾಗಿ ಬದಲಾಗಿದೆ ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಹೇಳಿಯೂ ಹೇಳಿದೆ. ಮೇಷ್ಟ್ರು ನಗುತ್ತ ತಮ್ಮ ಪರದೆಯನ್ನು ನನ್ನ ಕಡೆ ತಿರುಗಿಸಿದರು.

"ನೋಡಿ ಮೇಡಂ, ಗಣಿತದಲ್ಲಿ ನಿಮ್ಮ ಮಗಳ ಟ್ಯಾಬ್ ಅರ್ಧ ಹೊತ್ತು ಸುಮ್ಮನಿರುತ್ತದೆ. ಆಮೇಲೆ ಒಂದೇ ಉಸಿರಿಗೆ ಎಲ್ಲ ಉತ್ತರ ಬರುತ್ತದೆ. ಇವರ ಹುಡುಗಿಯದ್ದು ಇಂಗ್ಲಿಷಿನಲ್ಲಿ ಹಾಗೆಯೇ. ಜುಲೈಯಿಂದ."

ಅವರು ಒಳ್ಳೆಯ ಮನುಷ್ಯರೇ. ಕೆಟ್ಟ ದನಿಯಲ್ಲಿ ಹೇಳಲಿಲ್ಲ. ಇಬ್ಬರು ಮಕ್ಕಳು ಡೆಸ್ಕಿನ ಕೆಳಗೆ, ಯಾರಿಗೂ ಕಾಣದಂತೆ ಮಾಡುತ್ತಿದ್ದೇವೆಂದು ಉಸಿರು ಬಿಗಿಹಿಡಿದು ಮಾಡಿದ್ದನ್ನೆಲ್ಲ ಟ್ಯಾಬು ಮೊದಲ ದಿನದಿಂದ ಬರೆದಿಡುತ್ತಲೇ ಇತ್ತು.

ಪ್ರಿನ್ಸಿಪಾಲರು ಇಂಗ್ಲಿಷಿನಲ್ಲಿ ನನ್ನ ಜೊತೆ ಮಾತ್ರ ಮಾತಾಡಿದರು. ನನಗೆ ತಿಳಿದ ಮಟ್ಟಿಗೆ, ನಿಮ್ಮ ಮಗಳು ಒಳ್ಳೆಯವಳು, ಸಹವಾಸ ನೋಡಿಕೊಳ್ಳಬೇಕು ಎಂದರು. ಉಚಿತ ಸೀಟಿನ ಮಕ್ಕಳ ವಿಷಯದಲ್ಲಿ ತಾವು ಮೇಲಿನವರಿಗೆ ಬರೆಯಬೇಕಾಗುತ್ತದೆ ಎಂದರು. ಆ ತಾಯಿಗೆ ಒಂದು ಪದವೂ ತಿಳಿಯುತ್ತಿರಲಿಲ್ಲ. ಅವರ ಬಾಯಿ ನೋಡುತ್ತಿದ್ದಳು, ಆಮೇಲೆ ನನ್ನ ಮುಖ ನೋಡುತ್ತಿದ್ದಳು. ಅಲ್ಲಿ ನಡೆಯುವುದನ್ನೆಲ್ಲ ನನ್ನ ಮುಖದಿಂದಲೇ ಓದಿಕೊಳ್ಳುತ್ತಿದ್ದಳು.

ನನಗೆ ಹೆದರಿಕೆಯಾಯಿತು. ಸುಮ್ಮನಿದ್ದರೆ ನನ್ನ ಮಗಳು ಉಳಿಯುತ್ತಾಳೆ. ಬಾಯಿ ತೆರೆದರೆ ಏನಾಗುತ್ತದೋ ಗೊತ್ತಿಲ್ಲ. ಆಕೆಗೂ ಅರ್ಥವಾಗಲೆಂದು ಹಿಂದಿಯಲ್ಲೇ ಹೇಳಿದೆ.

"ಇಬ್ಬರೂ ಸೇರಿ ಮಾಡಿದ್ದಾರೆ ಮೇಡಂ. ಗಣಿತದಲ್ಲಿ ಸಹಾಯ ತಗೊಂಡದ್ದು ನನ್ನ ಮಗಳೇ. ಬರೆಯುವುದಾದರೆ ಇಬ್ಬರ ಹೆಸರೂ ಬರೆಯಿರಿ. ನನ್ನ ಮಗಳದ್ದು ಮೊದಲು ಬರೆಯಿರಿ."

ಪ್ರಿನ್ಸಿಪಾಲರು ಪೆನ್ನು ಮೇಜಿನ ಮೇಲಿಟ್ಟರು. ನಾನು ಮುಂದುವರಿಸಿದೆ, ನಿಲ್ಲಿಸಿದರೆ ಮತ್ತೆ ಶುರುಮಾಡಲು ಆಗುತ್ತಿರಲಿಲ್ಲ. "ಬೋರ್ಡಿನಲ್ಲಿ ಹೆಸರು ಕೆಂಪಾಗುತ್ತದೆ ಅಂತ ಮಕ್ಕಳು ಹೆದರ್ತಾರೆ. ನನ್ನ ಫೋನಿಗೆ ಬರುತ್ತದೆ ಅಂತಲೂ ಹೆದರ್ತಾಳೆ. ಅಷ್ಟೇ ಇದರ ಕಥೆ."

ಮೇಷ್ಟ್ರು ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಬಹಳ ಹೊತ್ತು ಇಬ್ಬರೂ ತಮ್ಮತಮ್ಮಲ್ಲಿ ಮಾತಾಡಿದರು. ನಮ್ಮನ್ನು ಹೊರಗೆ ಕೂರಿಸಿ, ಮತ್ತೆ ಒಳಗೆ ಕರೆದು ತೀರ್ಮಾನ ಹೇಳಿದರು. ಮೇಲಿನವರಿಗೆ ಬರೆಯುವುದಿಲ್ಲ. ಒಂದು ತಿಂಗಳು ಇಬ್ಬರಿಗೂ ಪರೀಕ್ಷೆ ಕಾಗದದ ಮೇಲೆ, ಬೇರೆ ಬೇರೆ ಬೆಂಚು. ಬೋರ್ಡಿನ ವಿಷಯ ಮುಂದೆ ನೋಡೋಣ.

ಹೊರಗೆ ಬಂದ ಮೇಲೆ ಆಕೆ, "ನನ್ನ ಹುಡುಗಿ ಇರ್ತಾಳಾ?" ಎಂದು ಕೇಳಿದಳು.

"ಇರ್ತಾಳೆ."

ಮೆಟ್ಟಿಲ ಮೇಲೆ ಹಾಗೇ ಕೂತಳು. ನಾನೂ ಪಕ್ಕದಲ್ಲಿ ಕೂತೆ. ಈ ಸಲ ಆಕೆ ಸರಿದು ಕೂರಲಿಲ್ಲ. ಮುಂದಿನ ಭಾನುವಾರ ಮಗಳನ್ನು ಕರೆದುಕೊಂಡು ಹೋಟೆಲಿಗೆ ಬನ್ನಿ, ಮಕ್ಕಳು ಕೂತು ಓದಲಿ ಎಂದು ಕರೆದೆ. ಬಂದರು; ಈಗಲೂ ಬರುತ್ತಾರೆ. ಆ ಹುಡುಗಿ ದೋಸೆ ತಿನ್ನುತ್ತ ನನ್ನ ಮಗಳಿಗೆ ಭಿನ್ನರಾಶಿ ಹೇಳಿಕೊಡುತ್ತಾಳೆ. ನಾನು ಹತ್ತಿರ ಹೋದರೆ ಮಾತ್ರ ಇನ್ನೂ ಒಂದು ಕ್ಷಣ ಅವಳ ಕೈ ತಟ್ಟೆಯ ಮೇಲೆಯೇ ನಿಲ್ಲುತ್ತದೆ.

ಬೋರ್ಡಿನಲ್ಲಿ ಹೆಸರು ಹಾಕುವುದನ್ನು ದೀಪಾವಳಿಯ ನಂತರ ನಿಲ್ಲಿಸಿದರು. ಅದರ ಬದಲು ಹೊಸತೊಂದು ಬಂತು. ಟ್ಯಾಬುಗಳು ಇನ್ನೊಮ್ಮೆ ಬದಲಾಗಬಾರದೆಂದು, ಪೀರಿಯಡ್ಡಿನ ಆರಂಭದಲ್ಲಿ ಪ್ರತಿ ಮಗುವೂ ಟ್ಯಾಬಿನ ಕ್ಯಾಮೆರಾಕ್ಕೆ ಮುಖ ತೋರಿಸಬೇಕು. ಪಾಠದ ನಡುವೆಯೂ ಅದು ಆಗಾಗ ನೋಡುತ್ತಿರುತ್ತದೆ, ಮಗು ಮನಸ್ಸಿಟ್ಟು ಕೇಳುತ್ತಿದೆಯೋ ಇಲ್ಲವೋ ಎಂದು ಮುಖ ನೋಡಿಯೇ ಹೇಳುತ್ತದೆ ಎಂದು ಮಕ್ಕಳು ಮಾತಾಡಿಕೊಳ್ಳುತ್ತಾರೆ. ನಿಜವೋ ಸುಳ್ಳೋ ತಿಳಿಯದು. ಒಮ್ಮೆ ಕೇಳಿದೆ, ಟೀಚರು ಸರಿಯಾಗಿ ಉತ್ತರಿಸಲಿಲ್ಲ. ನನ್ನ ಫೋನಿನಿಂದ ಆ್ಯಪನ್ನು ನಾನು ತೆಗೆದುಹಾಕಿದ್ದೇನೆ. ತೆಗೆದ ಮೇಲೆ ಮಧ್ಯಾಹ್ನಗಳು ಇನ್ನೂ ಕಷ್ಟವಾಗಿವೆ. ವ್ಯಾನು ಬೀದಿಯ ಮೂಲೆಗೆ ಬರುವವರೆಗೆ ನಾನು ಯಾರಿಗೆ ಎಷ್ಟು ಚಿಲ್ಲರೆ ಕೊಟ್ಟೆನೆಂದು ನನಗೇ ಗೊತ್ತಿರುವುದಿಲ್ಲ.

ಮೊನ್ನೆ ಬೆಳಿಗ್ಗೆ ಜಡೆ ಹಾಕಲು ಕರೆದರೆ ಬರಲಿಲ್ಲ. ಹೋಗಿ ನೋಡಿದೆ. ಸಮವಸ್ತ್ರ ತೊಟ್ಟು ಕನ್ನಡಿಯ ಮುಂದೆ ನಿಂತಿದ್ದಳು. ಹುಬ್ಬು ಸ್ವಲ್ಪ ಎತ್ತಿ, ಬಾಯಿ ಮುಚ್ಚಿ, ಕಣ್ಣು ಮಿಟುಕಿಸದೆ. ಮುಖದ ಮೇಲೆ ಏನೂ ಇರಲಿಲ್ಲ. ಆ ಮುಖವನ್ನು ಅಳಿಸಿ ಮತ್ತೊಮ್ಮೆ ಹಾಕಿಕೊಂಡಳು.

"ಎಂತ ಮಾಡ್ತಾ ಇದ್ದೀ?"

"ಪ್ರಾಕ್ಟೀಸ್" ಅಂದಳು. "ಹೆದರಿದ ಹಾಗೆ ಕಂಡ್ರೆ ಗಮನ ಇಲ್ಲ ಅಂತ ಬರ್ತದಂತೆ ಅಮ್ಮ."

ಹೆದರಿದ ಹಾಗೆ. ಆ ಮಾತು ಈಗ ಅವಳಿಗೆ ಕನ್ನಡದಲ್ಲೇ ಬರುತ್ತದೆ. ನಾನು ಬಾಚಣಿಗೆ ಹಿಡಿದು ಅವಳ ಬೆನ್ನ ಹಿಂದೆ ನಿಂತೆ. ಕನ್ನಡಿಯಲ್ಲಿ ನಮ್ಮಿಬ್ಬರ ಮುಖಗಳೂ ಕಂಡವು. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು.

"ಅಮ್ಮ, ನೀನು ಪಕ್ಕಕ್ಕೆ ನಿಲ್ತೀಯಾ? ನಿನ್ನನ್ನ ನೋಡಿದ್ರೆ ನಂಗೆ ಆ ಮುಖ ಬರೋದಿಲ್ಲ."

ನಾನು ಪಕ್ಕಕ್ಕೆ ಸರಿದು ಅವಳ ಜಡೆ ಹೆಣೆಯತೊಡಗಿದೆ.